ಶಾಲೆಯ ಬೂಟಿನ ವಿಚಾರವಾಗಿ ನಾಲ್ಕು ಮಾತು



ಈ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಅಧ್ಯಾಪಕರಾದ ನಮ್ಮಿಂದ ಅವರು ನಿರೀಕ್ಷಿಸಿದ್ದು ಶಿಸ್ತನ್ನು ಕುರಿತೋ ಸಮಯದ ಸದುಪಯೋಗವನ್ನು ಕುರಿತೋ ಒಂದು ಪ್ರಬಂಧವನ್ನು. ಅವುಗಳನ್ನು ಕುರಿತು ಪ್ರತಿವರ್ಷವೂ ಯಾರಾದರೊಬ್ಬರು ಬರೆಯುತ್ತಲೇ ಇದ್ದಾರೆ. ನೀವೂ ಓದದೆ ಪುಟ ತಿರುವುತ್ತಲೇ ಇದ್ದೀರಿ. ಆದುದರಿಂದ ಈ ಸಲ ನಾವು ನಿಮ್ಮ ಕಾಲಿನ ಬೂಟನ್ನು ಕುರಿತು ಬರೆಯಬೇಕೆಂದಿದ್ದೇವೆ. ವಿಷಯ ಕ್ಷುಲ್ಲಕವೆಂದು ನಗಬೇಡಿ. ಬೆಳಿಗ್ಗೆ ಏಳಕ್ಕೆ ಕಟ್ಟಿದ ಬೂಟನ್ನು ಮಧ್ಯಾಹ್ನದವರೆಗೆ ಬಿಚ್ಚದೆ, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಇತರರ ತುಳಿತಕ್ಕೂ ಗುರಿಯಾಗಿ, ಮೂರು ಮಹಡಿ ಹತ್ತಿ ಇಳಿಯುವವರು ನೀವು. ಪಠ್ಯಪುಸ್ತಕಕ್ಕಿಂತ ಹೆಚ್ಚು ಹೊತ್ತು ನಿಮ್ಮ ಜೊತೆಯಲ್ಲಿರುವ ವಸ್ತು ಅದು.

ಕಳೆದ ಜುಲೈ ತಿಂಗಳಲ್ಲಿ ನಡೆದ ಒಂದು ಸಂಗತಿ ನಮ್ಮನ್ನು ಈ ಯೋಚನೆಗೆ ಹಚ್ಚಿತು. ರಾತ್ರಿಯಿಡೀ ಮಳೆ ಸುರಿದು ಶಾಲೆಯ ಮುಂದಣ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಆರನೆಯ ತರಗತಿಯ ಒಬ್ಬ ಹುಡುಗಿ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಬಂದಳು. ಕರಿಯ ಬೂಟು, ಬಿಳಿಯ ಕಾಲುಚೀಲ ಎಂಬುದು ನಮ್ಮಲ್ಲಿಯ ನಿಯಮ. ನಿಯಮ ಮೀರಿದವರು ಬಾಗಿಲ ಬಳಿ ನಿಲ್ಲತಕ್ಕದ್ದು. ಆ ದಿನ ಬಾಗಿಲು ಕಾಯುವ ಸರದಿ ನಮ್ಮದು. ಪ್ರಾರ್ಥನೆ ಮುಗಿಯುವವರೆಗೂ ನಿಲ್ಲಿಸಿದೆವು. ಮೊದಲ ಪಾಠ ಮುಗಿಯುವವರೆಗೂ ನಿಲ್ಲಿಸಿದೆವು. ಆಮೇಲೆ, "ಬೂಟೆಲ್ಲಿ?" ಎಂದು ಕೇಳಿದೆವು.

"ಚೀಲದಲ್ಲಿದೆ ಸರ್."

ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಒಣಗಿದ್ದಂತೆಯೇ ತಂದಿದ್ದಳು. "ಹಾಕಿಕೊಳ್ಳುವುದಕ್ಕೇನು ದಾಡಿ?" ಎಂದು ಗದರಿಸಿದೆವು. ಆ ಮಾತನ್ನು ಈಗ ನೆನೆದರೆ ನಮಗೆ ನಾಚಿಕೆಯಾಗುತ್ತದೆ. ಅವಳು ಉತ್ತರ ಕೊಡದೆ ಹಿಂದಕ್ಕೆ ತಿರುಗಿ ಹಿಮ್ಮಡಿಯನ್ನು ತೋರಿಸಿದಳು. ಎರಡು ಕಾಲುಗಳಲ್ಲಿಯೂ ರೂಪಾಯಿಯಗಲ ಚರ್ಮ ಸುಲಿದು ಹಸಿಗಾಯವಾಗಿತ್ತು. ಕಿರುಬೆರಳುಗಳು ಪಕ್ಕದ ಬೆರಳಿನ ಕೆಳಗೆ ಸೇರಿಕೊಂಡಿದ್ದವು.

"ಅಪ್ಪನಿಗೆ ಹೇಳಬೇಡಿ ಸರ್. ಮೂರು ವರ್ಷ ಬರಬೇಕು ಅಂತ ತಂದದ್ದು."

"ಅಪ್ಪ ಬೈಯುತ್ತಾರೆಯೇ?"

"ಬೈಯೋದಿಲ್ಲ. ಸುಮ್ಮನಾಗಿಬಿಡ್ತಾರೆ."

ಆ ಬೂಟಿನ ಚರಿತ್ರೆಯನ್ನು ಮೆಲ್ಲಗೆ ವಿಚಾರಿಸಿ ತಿಳಿದೆವು. ಅವಳು ನಾಲ್ಕನೆಯ ತರಗತಿಗೆ ಬಂದಾಗ, ಮಗು ಬೆಳೆಯುತ್ತದೆ ಎಂಬ ಲೆಕ್ಕದಿಂದ, ಕಾಲಿಗಿಂತ ಎರಡು ನಂಬರು ದೊಡ್ಡದಾದುದನ್ನು ಒಂಬೈನೂರು ರೂಪಾಯಿ ಕೊಟ್ಟು ತಂದಿದ್ದರು. ಆ ವರ್ಷವೆಲ್ಲ ಮುಂಭಾಗದಲ್ಲಿ ಬಟ್ಟೆಯ ಚೂರನ್ನು ತುರುಕಿ ನಡೆದಳು. ಓಡಿದರೆ ಬೂಟು ಹಿಂದೆ ಉಳಿಯುತ್ತಿತ್ತು. ಐದನೆಯ ತರಗತಿಯಲ್ಲಿ ಬೂಟು ಕಾಲಿಗೆ ಒಪ್ಪಿತು. ಆರನೆಯದರಲ್ಲಿ ಕಾಲು ಬೂಟನ್ನು ಮೀರಿತು. ಮೂರು ವರ್ಷದ ಬೂಟಿನಲ್ಲಿ ಕಾಲಿಗೆ ಸರಿಹೋದದ್ದು ಒಂದೇ ವರ್ಷ. ಅಂದಮೇಲೆ ಒಂಬೈನೂರು ರೂಪಾಯಿಗೆ ಒಂದು ವರ್ಷದ ಬೂಟನ್ನು ಕೊಂಡಂತಾಯಿತಲ್ಲವೇ? ವರ್ಷಕ್ಕೊಂದರಂತೆ ಐನೂರು ರೂಪಾಯಿಯ ಸಾದಾ ಬೂಟನ್ನು ಕೊಂಡಿದ್ದರೆ ಮೂರು ವರ್ಷಕ್ಕೆ ಒಂದೂವರೆ ಸಾವಿರವಾಗುತ್ತಿತ್ತು. ಖರ್ಚು ಹೆಚ್ಚೇ, ಅದನ್ನು ಮರೆಮಾಚುವ ಇಚ್ಛೆ ನಮಗಿಲ್ಲ. ಕ್ಯಾಂಟೀನಿನಲ್ಲಿ ದುಡಿದು ಸಂಸಾರ ಸಾಗಿಸುವ ತಂದೆಗೆ ವರ್ಷಕ್ಕೆ ಇನ್ನೂರು ರೂಪಾಯಿ ಸಣ್ಣ ಮೊತ್ತವಲ್ಲ. ಆದರೆ ಆ ಇನ್ನೂರು ರೂಪಾಯಿಯ ಉಳಿತಾಯವನ್ನು ಮಗಳು ಎರಡು ವರ್ಷ ತನ್ನ ಕಾಲಿನಿಂದ ತೆತ್ತಳು ಎಂಬುದು ಆ ತಂದೆಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಉಳಿಸುತ್ತಿರಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳಿದ್ದಾರೆ. ಸರಿಯಾದ ಮಾತು. ಆದರೆ ಗಾದೆಯು ಹೇಳಿದ್ದು ಹಾಸಿಗೆಯ ವಿಷಯವನ್ನೇ ಹೊರತು ಬೂಟಿನ ವಿಷಯವನ್ನಲ್ಲ. ಹಾಸಿಗೆ ಚಿಕ್ಕದಾದರೆ ಕಾಲನ್ನು ಮಡಚಿ ಮಲಗಬಹುದು, ಬೆಳಗಾದರೆ ಕಾಲು ನೆಟ್ಟಗಾಗುತ್ತದೆ. ಬೂಟಿನೊಳಗೆ ವರ್ಷಗಟ್ಟಲೆ ಮಡಚಿಕೊಂಡ ಬೆರಳು ಮಡಚಿದಂತೆಯೇ ಉಳಿಯಬಹುದು.

ಮನುಷ್ಯನ ಒಂದೊಂದು ಪಾದದಲ್ಲಿಯೂ 26 ಎಲುಬುಗಳಿವೆ. ನಿಮ್ಮ ವಯಸ್ಸಿನಲ್ಲಿ ಅವು ಪೂರ್ತಿಯಾಗಿ ಗಟ್ಟಿಯಾಗಿರುವುದಿಲ್ಲ. ಕೆಲವು ಭಾಗಗಳು ಇನ್ನೂ ಮೃದ್ವಸ್ಥಿಯ ರೂಪದಲ್ಲಿಯೇ ಇರುತ್ತವೆ. ಆದುದರಿಂದ ಚಿಕ್ಕ ಬೂಟಿನೊಳಗೆ ದೊಡ್ಡವರ ಕಾಲು ಕೂಡಲೇ ನೊಂದು ದೂರು ಹೇಳಿದರೆ, ಮಕ್ಕಳ ಕಾಲು ಒತ್ತಿಕೊಂಡು, ಬಾಗಿಕೊಂಡು, ಸುಮ್ಮನೆ ಹೊಂದಿಕೊಳ್ಳುತ್ತದೆ. ನೋವಿಲ್ಲವೆಂದ ಮಾತ್ರಕ್ಕೆ ಬೂಟು ಸರಿಯಾಗಿದೆ ಎಂದು ತಿಳಿಯಲಾಗದು. ಚಿಕ್ಕ ತರಗತಿಯ ಮಕ್ಕಳ ಬೂಟನ್ನು ಮನೆಯವರು ಮೂರು ತಿಂಗಳಿಗೊಮ್ಮೆ ಕೈಯಾರೆ ಮುಟ್ಟಿ ನೋಡಬೇಕೆನ್ನುವುದು ಇದಕ್ಕಾಗಿಯೇ.

ಇಲ್ಲಿ ನಮ್ಮ ಕರ್ನಾಟಕದಲ್ಲಿಯೇ ನಡೆದ ಒಂದು ಪರಿಶೀಲನೆಯನ್ನು ಹೇಳದೆ ಮುಂದೆ ಹೋಗಲಾರೆವು. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವೈದ್ಯರಾದ ರಾವ್ ಮತ್ತು ಬೆಂಜಮಿನ್ ಜೋಸೆಫ್ ಎಂಬವರು 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಯ ಗುರುತುಗಳನ್ನು ಪರೀಕ್ಷಿಸಿ 1992ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಪಾದರಕ್ಷೆ ಧರಿಸುವ ಮಕ್ಕಳಲ್ಲಿ ನೂರಕ್ಕೆ 8.6 ಮಂದಿಗೆ ಚಪ್ಪಟೆ ಪಾದವಿತ್ತು. ಬರಿಗಾಲಿನ ಮಕ್ಕಳಲ್ಲಿ 2.8 ಮಂದಿಗೆ ಮಾತ್ರ. ಪಾದರಕ್ಷೆಗಳಲ್ಲಿಯೂ, ಮುಂಭಾಗ ಮುಚ್ಚಿದ ಬೂಟು ಹಾಕುವವರಲ್ಲಿ ಅದು ಅಧಿಕವಾಗಿತ್ತು. ಚಪ್ಪಲಿ, ಸ್ಯಾಂಡಲುಗಳವರಲ್ಲಿ ಕಡಮೆಯಾಗಿತ್ತು. ಚಪ್ಪಟೆ ಪಾದವೆಲ್ಲವೂ ರೋಗವಲ್ಲ, ಅದರಿಂದ ಯಾರೂ ಗಾಬರಿಪಡಬೇಕಾಗಿಲ್ಲ. ಆದರೂ ಎಳೆಯ ಕಾಲನ್ನು ಬಹಳ ಬೇಗ, ಬಹಳ ಹೊತ್ತು ಮುಚ್ಚಿಡುವುದು ಅದರ ಸಹಜವಾದ ಕಮಾನಿಗೆ ಒಳ್ಳೆಯದಲ್ಲವೆಂಬುದನ್ನು ಈ ಅಂಕೆಗಳು ಸೂಚಿಸುತ್ತವೆ. ಬರಿಗಾಲನ್ನು ಬಡತನದ ಗುರುತೆಂದು ಕಾಣುವ ನಗರದ ನಾವು ತರಗತಿಯ ಒಳಗಾದರೂ ಒಂದನೆಯ, ಎರಡನೆಯ ತರಗತಿಯ ಮಕ್ಕಳಿಗೆ ಬೂಟು ಬಿಚ್ಚಿಡಲು ಏಕೆ ಬಿಡಬಾರದು?

ಇನ್ನು ಕೊಳ್ಳುವ ವಿಚಾರ. ಜೂನ್ ತಿಂಗಳ ಮೊದಲ ಹದಿನೈದು ದಿನ ದಾದರಿನ ಅಂಗಡಿಗಳ ಮುಂದೆ ನಿಂತವರಿಗೆ ಅಲ್ಲಿಯ ಗದ್ದಲದ ಅರಿವಿರುತ್ತದೆ. ಆ ನೂಕಾಟದಲ್ಲಿ ಮಗುವಿನ ಒಂದೇ ಕಾಲಿಗೆ ಬೂಟು ತೊಡಿಸಿ, ಕುಳಿತಲ್ಲಿಯೇ "ಆಯಿತೇ?" ಎಂದು ಕೇಳಿ, ಮಗು ತಲೆಯಾಡಿಸಿದೊಡನೆ ಹಣ ಕೊಟ್ಟು ಹೊರಬೀಳುತ್ತೇವೆ. ಇದಕ್ಕಿಂತ ನಮ್ಮ ಅಜ್ಜಂದಿರ ಪದ್ಧತಿಯೇ ಮೇಲು. ಅವರು ಸಂತೆಗೆ ಹೊರಡುವಾಗ ಮಗುವನ್ನು ನೆಲದ ಮೇಲೆ ನಿಲ್ಲಿಸಿ, ಪಾದದುದ್ದಕ್ಕೆ ಒಂದು ಕಡ್ಡಿಯನ್ನು ಮುರಿದು ಕಿಸೆಯಲ್ಲಿಟ್ಟುಕೊಂಡು ಹೋಗುತ್ತಿದ್ದರು. ಕಡ್ಡಿಯು ಸುಳ್ಳು ಹೇಳುವುದಿಲ್ಲ, ಸಂಕೋಚಪಡುವುದಿಲ್ಲ, ಮಿರುಗುವ ಬಕ್ಕಲನ್ನು ಕಂಡು ಮರುಳಾಗುವುದೂ ಇಲ್ಲ. ಅದರ ದೋಷ ಒಂದೇ: ಕಡ್ಡಿಗೆ ಅಗಲ ತಿಳಿಯದು.

ಅಗಲವನ್ನೂ ತಿಳಿಯಬೇಕಾದರೆ ಹೀಗೆ ಮಾಡಿ. ಸಂಜೆಯ ಹೊತ್ತು ಗೋಡೆಗೆ ಹಿಮ್ಮಡಿಯನ್ನು ತಾಗಿಸಿ, ಕಾಗದದ ಮೇಲೆ ಎರಡು ಕಾಲಿಗೂ ಸಮವಾಗಿ ಭಾರ ಬಿಟ್ಟು ನಿಲ್ಲಿ. ತಮ್ಮನೋ ತಂಗಿಯೋ ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಲಿ. ಸಂಜೆಯೇ ಏಕೆಂದರೆ, ದಿನವೆಲ್ಲ ನಡೆದ ಕಾಲು ಸ್ವಲ್ಪ ಉಬ್ಬಿರುತ್ತದೆ. ಬೆಳಿಗ್ಗೆ ಕೊಂಡ ಬೂಟು ಸಂಜೆಗೆ ಬಿಗಿಯಾಗುವುದು ಇದರಿಂದಲೇ. ಎರಡು ಪಾದಗಳ ಗೆರೆಯನ್ನೂ ಎಳೆಯಬೇಕು. ಅನೇಕರಿಗೆ ಒಂದು ಪಾದ ಇನ್ನೊಂದಕ್ಕಿಂತ ದೊಡ್ಡದಾಗಿರುತ್ತದೆ; ದೊಡ್ಡದಕ್ಕೆ ಒಪ್ಪುವುದನ್ನು ಕೊಳ್ಳತಕ್ಕದ್ದು. ಆ ಆಕಾರಕ್ಕೆ ಕತ್ತರಿಸಿದ ಕಾಗದವನ್ನು ಅಂಗಡಿಗೆ ಒಯ್ದು ಬೂಟಿನ ಅಡಿಗೆ ಹಿಡಿದು ನೋಡಿ. ಅಟ್ಟೆಗಿಂತ ಕಾಗದವು ಪಕ್ಕಕ್ಕೆ ಹೊರಚಾಚಿದರೆ ಆ ಬೂಟನ್ನು ತೊಟ್ಟು ನೋಡುವ ಅಗತ್ಯವೂ ಇಲ್ಲ. ತೊಡುವಾಗ ಶಾಲೆಯ ಕಾಲುಚೀಲವನ್ನೇ ಹಾಕಿ, ಎರಡೂ ಕಾಲಿಗೆ ತೊಟ್ಟು, ಎದ್ದು ನಿಂತು, ಅಂಗಡಿಯ ಉದ್ದಕ್ಕೂ ಎರಡು ಸಲ ನಡೆಯಿರಿ. ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿದಿರಬೇಕು. ಅತಿ ಉದ್ದದ ಬೆರಳು ಎಲ್ಲರಿಗೂ ಹೆಬ್ಬೆರಳೇ ಅಲ್ಲ, ಕೆಲವರಿಗೆ ಅದರ ಪಕ್ಕದ್ದು. ಈ ಒಂದು ಹೆಬ್ಬೆರಳಿನಗಲವೇ ಬೆಳೆಯುವ ಕಾಲಿಗೆ ಬಿಡಬೇಕಾದ ಜಾಗ. ಅದಕ್ಕೆ ಮೇಲೆ ಒಂದು ನಂಬರು, ಎರಡು ನಂಬರು ಎಂದು ಸೇರಿಸುವುದು ನಡೆಯುವ ಮಗುವಿಗಲ್ಲ, ಮುಂದೆಂದೋ ನಡೆಯಲಿರುವ ಮಗುವಿಗೆ ಕೊಂಡಂತೆ.

ಈ ನಂಬರಿನ ವಿಷಯದಲ್ಲಿಯೂ ಒಂದು ಮಾತಿದೆ. ನಮ್ಮ ಅಂಗಡಿಗಳಲ್ಲಿ ಬಳಕೆಯಲ್ಲಿರುವುದು ಇಂಗ್ಲೆಂಡಿನ ಅಳತೆ, ಇಲ್ಲವೆ ಯುರೋಪಿನದು. ಇಂಗ್ಲೆಂಡಿನ ಅಳತೆಯಲ್ಲಿ ಒಂದು ನಂಬರಿಗೂ ಇನ್ನೊಂದಕ್ಕೂ ಇರುವ ಅಂತರ ಇಂಚಿನ ಮೂರನೆಯ ಒಂದು ಪಾಲು, ಎಂದರೆ ಸುಮಾರು 8.5 ಮಿಲಿಮೀಟರು. ಅದು ಉದ್ದವನ್ನು ಹೇಳುತ್ತದೆ, ಅಗಲವನ್ನು ಹೇಳುವುದಿಲ್ಲ. ಚೆನ್ನೈಯಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಯಂತ್ರದಿಂದ ಅಳೆದರು. ಭಾರತೀಯರ ಪಾದವು ಸಾಮಾನ್ಯವಾಗಿ ಆ ಪಶ್ಚಿಮದ ಅಚ್ಚುಗಳಿಗಿಂತ ಅಗಲವಾದುದೆಂದೂ, ಅದರಿಂದ ನಮ್ಮ ಜನ ಅಗಲಕ್ಕಾಗಿ ಉದ್ದದ ಬೂಟನ್ನು ಕೊಳ್ಳುತ್ತಿದ್ದಾರೆಂದೂ ಅವರಿಗೆ ಕಂಡುಬಂದಿತು. ನಮ್ಮ ಕಾಲಿಗೆ ತಕ್ಕಂತೆ ‘ಭ’ ಎಂಬ ಹೊಸ ಅಳತೆಯನ್ನು ಅವರು ಸೂಚಿಸಿದ್ದಾರೆ; ‘ಭ’ ಎಂದರೆ ಭಾರತ. ಹುಡುಗಿಯರ ಪಾದದ ಬೆಳವಣಿಗೆ ಸುಮಾರು 11ನೆಯ ವಯಸ್ಸಿನಲ್ಲಿ, ಹುಡುಗರದು 15–16ರಲ್ಲಿ ಶಿಖರ ಮುಟ್ಟುತ್ತದೆಂಬುದೂ ಆ ಅಳತೆಯಿಂದ ತಿಳಿದುಬಂದ ಸಂಗತಿ. ನಾವು ಬಾಗಿಲಲ್ಲಿ ನಿಲ್ಲಿಸಿದ ಹುಡುಗಿಗೆ ಆಗ ಹನ್ನೊಂದು ತುಂಬಿತ್ತು.

ಬಾಳಿಕೆಯ ಮಾತಿಗೆ ಬರೋಣ. ಬೂಟು ಹಾಳಾಗುವುದು ಮೇಲ್ಭಾಗ ಹರಿದಲ್ಲ, ಅಡಿ ಬಿಟ್ಟುಕೊಂಡು. ಅಂಟಿನಿಂದ ಮಾತ್ರ ಹಿಡಿಸಿದ ಅಟ್ಟೆ ಮುಂಬಯಿಯ ಎರಡು ಮಳೆಗೆ ಬಾಯ್ದೆರೆಯುತ್ತದೆ. ಆದುದರಿಂದ ಅಂಚಿಗೆ ಹೊಲಿಗೆ ಇರುವುದನ್ನು ನೋಡಿ. ಇಲ್ಲದಿದ್ದರೆ ಹೊಸದಿರುವಾಗಲೇ ನಿಲ್ದಾಣದ ಬಳಿಯ ಮೋಚಿಯಿಂದ ಸುತ್ತಲೂ ಹೊಲಿಸಿಬಿಡಿ. ಅವನಿಗೆ ಕೊಡುವ ಕೆಲವು ರೂಪಾಯಿ ಬೂಟಿನ ಆಯುಸ್ಸಿಗೆ ತಿಂಗಳುಗಳನ್ನು ಸೇರಿಸುತ್ತದೆ. ಬೂಟನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸಿದರೆ ಬೆರಳಿನ ಬುಡ ಬರುವ ಜಾಗದಲ್ಲಿ ಬಾಗಬೇಕು. ನಟ್ಟನಡುವೆ ಮಡಚಿಕೊಂಡರೆ ಅದು ಕಾಲನ್ನು ಹೊರಲಾರದು, ಎಲ್ಲಿಯೂ ಬಾಗದಿದ್ದರೆ ಕಾಲೇ ಅದನ್ನು ಹೊರಬೇಕಾದೀತು. ಹಿಮ್ಮಡಿಯ ಭಾಗ ಒತ್ತಿದರೆ ಕುಸಿಯಬಾರದು. ಲೇಸಿನದು, ಪಟ್ಟಿಯದು, ಯಾವುದಾದರೂ ಆಗಲಿ. ಬಿಗಿ ಸಡಿಲ ಮಾಡಿಕೊಳ್ಳಲು ಬರುವಂಥದೇ ಉತ್ತಮ. ಹುಡುಗಿಯರಿಗೆಂದು ಮಾರುವ ಮುಂಭಾಗ ಚೂಪಾದ ಬಕ್ಕಲಿನ ಬೂಟುಗಳ ಮೇಲೆ ನಮಗೆ ಕೋಪವಿದೆ. ಹುಡುಗಿಯರ ಬೆರಳುಗಳೂ ಐದೇ.

ರೆಕ್ಸಿನ್, ಚರ್ಮ, ಕ್ಯಾನ್ವಾಸು ಈ ಮೂರರಲ್ಲಿ ಯಾವುದು ಮೇಲೆಂಬ ಚರ್ಚೆಯನ್ನು ಬೆಳೆಸುವುದಿಲ್ಲ. ಚರ್ಮ ಕಾಲಿಗೆ ಹಿತ, ಕಿಸೆಗೆ ಭಾರ, ಮಳೆಗೆ ಶತ್ರು. ರೆಕ್ಸಿನ್ ಅಗ್ಗ, ಒಳಗೆ ಬೆವರು ಕೂಡುತ್ತದೆ. ಹತ್ತಿಯ ಕಾಲುಚೀಲ ಎರಡು ಜೊತೆಯಿದ್ದು ದಿನವೂ ಒಗೆದದ್ದನ್ನು ಹಾಕಿಕೊಂಡರೆ ಅಗ್ಗದ ಬೂಟೂ ಸಹ್ಯವಾದೀತು. ಒಂದು ಎಚ್ಚರಿಕೆ ಮಾತ್ರ ಅವಶ್ಯ. ರಿಯಾಯಿತಿಯಲ್ಲಿ ಸಿಕ್ಕಿತೆಂದು ಮುಂದಿನ ವರ್ಷದ ಬೂಟನ್ನು ಈಗಲೇ ಕೊಂಡು ಕಪಾಟಿನಲ್ಲಿಡಬೇಡಿ. ಹಗುರವೂ ಮೆತ್ತಗೂ ಇರುವ ಪಾಲಿಯುರೆಥೇನ್ ಅಟ್ಟೆಯು ಕಡಲ ತೀರದ ತೇವದ ಗಾಳಿಗೆ ಉಪಯೋಗಿಸದೆಯೇ ಶಿಥಿಲವಾಗುತ್ತದೆ. ಹೀಗೆ ಕೆಲವು ವರ್ಷ ಕಾಪಾಡಿ ಇಟ್ಟ ನಮ್ಮ ಒಂದು ಜೊತೆ ಬೂಟು ಮದುವೆಯ ಮನೆಯ ಮೆಟ್ಟಿಲ ಮೇಲೆ ರವೆಯಂತೆ ಉದುರಿತು. ಅಣ್ಣ ಅಕ್ಕಂದಿರ ಬೂಟನ್ನು ತಮ್ಮ ತಂಗಿಯರು ಹಾಕಬಹುದೇ ಎಂದು ಕೇಳುವಿರಿ. ಹಿಮ್ಮಡಿ ಒಂದೇ ಕಡೆಗೆ ಸವೆದಿದ್ದರೆ ಬೇಡ. ಕೆಲವೇ ತಿಂಗಳು ಹಾಕಿ ಚಿಕ್ಕದಾದುದಾದರೆ ಧಾರಾಳವಾಗಿ ಹಾಕಬಹುದು, ಅದರಲ್ಲಿ ಅವಮಾನವೇನೂ ಇಲ್ಲ.

ಮೋಚಿಯ ಹೆಸರು ಬಂದಾಗ ನಿಮ್ಮಲ್ಲಿ ಕೆಲವರು ಮುಖ ಸಿಂಡರಿಸುವುದನ್ನು ಕಂಡಿದ್ದೇವೆ. ಹನ್ನೆರಡನೆಯ ಶತಮಾನದ ಶರಣ ಹರಳಯ್ಯನವರು ಪಾದರಕ್ಷೆ ಹೊಲಿಯುವವರೇ. ಅವರೂ ಕಲ್ಯಾಣಮ್ಮನವರೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆಯನ್ನು ಮಾಡಿದರೆಂದೂ, ಅವರು ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರೆಂದೂ ಕಥೆಯಿದೆ. ಇಂದು ಜಗತ್ತೆಲ್ಲ ಕೊಲ್ಹಾಪುರಿ ಎಂದು ಕರೆಯುವ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಗುರುತಿನ ಮನ್ನಣೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಅಥಣಿ, ನಿಪ್ಪಾಣಿಗಳ ಕೈಕೆಲಸ ಅದು. ಗಾಳಿಯಾಡುವ, ಕಾಲಿನಗಲಕ್ಕೆ ಹಿಗ್ಗುವ ಪಾದರಕ್ಷೆಯನ್ನು ಮಾಡಲು ನಮ್ಮವರು ಯಾರಿಂದಲೂ ಕಲಿಯಬೇಕಾಗಿರಲಿಲ್ಲ.

ಮಳೆಯ ವಿಷಯವನ್ನು ಮಾತ್ರ ಲಘುವಾಗಿ ಬಿಡುವಂತಿಲ್ಲ. ಮುಂಬಯಿಯಲ್ಲಿ ಶಾಲೆ ತೆರೆಯುವುದಕ್ಕೂ ಮಳೆ ಇಳಿಯುವುದಕ್ಕೂ ಒಂದೇ ಮುಹೂರ್ತ. ಹೊಸ ಬೂಟು ಕಡಿಯುವುದೂ ಅದೇ ವಾರದಲ್ಲಿ. ಇಲಿ ಮುಂತಾದ ಪ್ರಾಣಿಗಳ ಮೂತ್ರದಿಂದ ಮಲಿನವಾದ ನಿಂತ ನೀರಿನಲ್ಲಿ ಇಲಿಜ್ವರದ ರೋಗಾಣು ಇರುತ್ತದೆ. ಅದು ದೇಹವನ್ನು ಹೊಗುವುದು ಚರ್ಮದ ಮೇಲಿನ ಸಣ್ಣಪುಟ್ಟ ಗಾಯಗಳ ಮೂಲಕ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆಯಾಗಿ ನಗರ ಮುಳುಗಿದ ಅನಂತರ ಈ ಜ್ವರ ಹಬ್ಬಿದ್ದನ್ನು ನಿಮ್ಮ ಮನೆಯ ಹಿರಿಯರು ಮರೆತಿರಲಾರರು. ಬೂಟು ಕಡಿದ ಹಿಮ್ಮಡಿಯನ್ನು ಹೊತ್ತು ಆ ನೀರಿನಲ್ಲಿ ನಡೆಯುವವರಿಗೆ ಅಪಾಯ ಹೆಚ್ಚು. ಹಾಗೆ ನಡೆಯಬೇಕಾಗಿ ಬಂದರೆ ಶಾಲೆಗೆ ಬಂದೊಡನೆ ಸಾಬೂನಿನಿಂದ ಕಾಲು ತೊಳೆದು ನಮಗೆ ತಿಳಿಸಿ; ಜ್ವರ ಬರಲೆಂದು ಕಾಯದೆ ಆ ದಿನವೇ, ತಪ್ಪಿದರೆ ಮರುದಿನ, ವೈದ್ಯರನ್ನು ಕಾಣತಕ್ಕದ್ದು. ತಡೆಗಟ್ಟುವ ಔಷಧವನ್ನು ಅವರು ಕೊಡಬಲ್ಲರು. ಆ ಹುಡುಗಿಯನ್ನು ನಾವು ಹೀಗೆಯೇ ಕಳುಹಿಸಿದೆವು, ಬಾಗಿಲಲ್ಲಿ ಒಂದು ಗಂಟೆ ನಿಲ್ಲಿಸಿದ ಮೇಲೆ.

ಕರ್ನಾಟಕ ಸರಕಾರವು 2015–16ರಿಂದ ಸರಕಾರಿ ಶಾಲೆಯ ಮಕ್ಕಳಿಗೆ ಒಂದು ಜೊತೆ ಕರಿಯ ಬೂಟನ್ನೂ ಎರಡು ಜೊತೆ ಕಾಲುಚೀಲಗಳನ್ನೂ ಕೊಡುವ ಏರ್ಪಾಟನ್ನು ಮಾಡಿತು. ಇಲ್ಲಿಯ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಓದುವ ನಿಮ್ಮ ಗೆಳೆಯರಿಗೂ ಬೂಟು ಉಚಿತವಾಗಿ ದೊರೆಯುವುದುಂಟು. ಅವರಿಗೊಂದು ಮಾತನ್ನು ತಲುಪಿಸಿ: ಕೈಗೆ ಬಂದ ದಿನವೇ ತೊಟ್ಟು ನೋಡಬೇಕು, ಅಳತೆ ತಪ್ಪಿದ್ದರೆ ಅಂದೇ ಹೇಳಬೇಕು. ಧರ್ಮದ ಬೂಟೆಂದು ಸಂಕೋಚಪಟ್ಟರೆ ಕಾಲು ಸಂಕೋಚಪಡುವುದಿಲ್ಲ.

ನಮ್ಮ ಶಾಲೆಯ ವಿಷಯ. ಮಳೆಯ ನಾಲ್ಕು ತಿಂಗಳು ಹಿಂಬದಿಗೆ ಪಟ್ಟಿಯಿರುವ ರಬ್ಬರ್ ಸ್ಯಾಂಡಲನ್ನು ಎಲ್ಲ ತರಗತಿಗಳಿಗೂ ಒಪ್ಪಬೇಕೆಂದು ಅಧ್ಯಾಪಕರ ಸಭೆಯ ಮುಂದೆ ನಾವು ಸೂಚನೆಯನ್ನು ಇಟ್ಟೆವು. ಇಂದು ಸ್ಯಾಂಡಲು ಎಂದವರು ನಾಳೆ ಸಮವಸ್ತ್ರವೇ ಬೇಡವೆನ್ನುವರೆಂದು ಸಹೋದ್ಯೋಗಿಗಳೊಬ್ಬರು ಆಕ್ಷೇಪಿಸಿದರು. ಅವರ ಆತಂಕ ನಮಗೆ ಅರ್ಥವಾಗದ್ದಲ್ಲ. ಬಡವ ಬಲ್ಲಿದರೆಂಬ ಭೇದ ಕಾಲಿನ ಮೇಲೆ ಕಾಣದಿರಲೆಂದೇ ಒಂದೇ ಬಗೆಯ ಬೂಟಿನ ನಿಯಮ ಬಂದಿತು. ಆದರೆ ಒದ್ದೆ ಬೂಟು, ಒದ್ದೆ ಕಾಲುಚೀಲಗಳಲ್ಲಿ ಐದು ಗಂಟೆ ಕುಳಿತವರ ಬೆರಳಿನ ಸಂದಿಯಲ್ಲಿ ಹುಣ್ಣಾಗುವುದರಲ್ಲಿಯೂ ಬಡವ ಬಲ್ಲಿದರ ಭೇದವಿದೆ: ಎರಡನೆಯ ಜೊತೆ ಇರುವ ಮಗು ಮರುದಿನ ಒಣಗಿದ್ದನ್ನು ಹಾಕಿಕೊಂಡು ಬರುತ್ತದೆ, ಇಲ್ಲದ ಮಗು ಒಳಗೆ ವೃತ್ತಪತ್ರಿಕೆ ತುರುಕಿ ಇಟ್ಟ ಒದ್ದೆಯನ್ನೇ ಮತ್ತೆ ತೊಡುತ್ತದೆ. ನಾಲ್ಕನೆಯ ತರಗತಿಯವರೆಗೆ ಸ್ಯಾಂಡಲಿಗೆ ಒಪ್ಪಿಗೆ ದೊರೆತಿದೆ. ಮೇಲಿನ ತರಗತಿಗಳ ವಿಚಾರವನ್ನು ಮುಖ್ಯೋಪಾಧ್ಯಾಯರು ಮುಂದಿನ ಸಭೆಗೆ ಇಟ್ಟಿದ್ದಾರೆ. ನಾವು ಅಲ್ಲಿಯೂ ಇದನ್ನೇ ಹೇಳುವವರಿದ್ದೇವೆ.

ಆ ಹುಡುಗಿಯ ಮಾತನ್ನು ನಾವು ನಡೆಸಿಕೊಡಲಿಲ್ಲ. ಅವಳ ತಂದೆಯವರನ್ನು ಬರಹೇಳಿ ಎಲ್ಲವನ್ನೂ ತಿಳಿಸಿದೆವು. ಅವಳು ಹೇಳಿದ್ದಂತೆಯೇ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಈಗ ಎಷ್ಟು ನಂಬರು ಬೇಕಾಗುತ್ತದೆ ಸರ್?" ಎಂದು ಕೇಳಿದರು. ನಮಗೆ ತಿಳಿದಿರಲಿಲ್ಲ. ವಾರ್ಡಿನ ಭೂಪಟವನ್ನು ಬರೆಯಲು ತಂದಿದ್ದ ಒಂದು ಹಾಳೆಯ ಮೇಲೆ ಅವಳನ್ನು ನಿಲ್ಲಿಸಿ, ಅವರೇ ಬಗ್ಗಿ ಕುಳಿತು, ಮಗಳ ಪಾದದ ಸುತ್ತ ಗೆರೆ ಎಳೆದುಕೊಂಡು ಹೋದರು.

ಮುಂದಿನ ಜೂನಿನಲ್ಲಿ ಶಾಲೆ ತೆರೆಯುವ ಹಿಂದಿನ ಶನಿವಾರ, ಪುಸ್ತಕ ಕೊಳ್ಳಲು ನೀವು ಬರುವ ದಿನ, ಸಂಜೆ ನಾಲ್ಕರಿಂದ ಆರರವರೆಗೆ ಕಾಗದ, ಪೆನ್ಸಿಲು, ಅಳತೆಪಟ್ಟಿಗಳೊಡನೆ ನಾವು ಕೆಳಮಹಡಿಯ ಕೋಣೆಯಲ್ಲಿ ಕುಳಿತಿರುತ್ತೇವೆ. ಬೂಟನ್ನು ಅದಕ್ಕೆ ಮೊದಲೇ ಕೊಂಡುಬಿಡಬೇಡಿ. ತಂದೆತಾಯಿಗಳಿಗೆ ಬಿಡುವಿಲ್ಲದಿದ್ದರೆ ನೀವೇ ಬನ್ನಿ, ಕಾಲು ತೊಳೆದುಕೊಂಡು ಬನ್ನಿ. ಈಗಾಗಲೇ ಬೆರಳು ತಾಗುತ್ತಿರುವವರು ಜೂನಿನವರೆಗೆ ಕಾಯಬೇಕಾಗಿಲ್ಲ. ನಾಳೆಯೇ ಬಂದು ಹೇಳಬಹುದು. ಮನೆಯಿಂದ ಚೀಟಿ ತರಬೇಕಾಗಿಲ್ಲ.